ಮೂರನೇ ಬಟ್ಟಲು

ಬಿರಡೆ ತಿರುಗಿಸಿದೊಡನೆ ಬಂದದ್ದು ಕಷಾಯದ ವಾಸನೆ. ಲವಂಗ, ಒಣಶುಂಠಿ, ಅದರ ಹಿಂದೆ ಎಲ್ಲೋ ದೂರದಲ್ಲಿ ಶಾಹಿಜೀರಿಗೆ...

ಸ್ಕಾಚ್ ಬಾಟಲಿಯಿಂದ ಕಷಾಯದ ವಾಸನೆ ಬಂದರೆ ಧೈರ್ಯವಂತರು ಏನು ಮಾಡುತ್ತಾರೋ ನನಗೆ ತಿಳಿಯದು. ನಾನು ಮೊದಲು, ಬಾಟಲಿ ಖೋಟಾ ಇರಬೇಕು ಎಂದು ಹೆದರಿದೆ. ನಾನು ತೆರೆಯುವವರೆಗೆ ವಿಮಾನ ನಿಲ್ದಾಣದ ಅಂಗಡಿಯ ಸೀಲು ನೆಟ್ಟಗೇ ಇತ್ತು. ಆಮೇಲೆ ನನ್ನ ಮೂಗಿಗೇ ಏನೋ ಆಗಿದೆ ಎಂದು ಹೆದರಿದೆ. ಕೊರೋನಾ ಬಂದು ಹೋದಂದಿನಿಂದ ವಾಸನೆಯ ವಿಷಯದಲ್ಲಿ ನಾನು ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳುವವನಲ್ಲ. ಅಡುಗೆಮನೆಗೆ ಹೋಗಿ ಕಾಫಿಪುಡಿಯ ಡಬ್ಬಿ, ಹಿಂಗಿನ ಡಬ್ಬಿ, ಪಾತ್ರೆ ತೊಳೆಯುವ ಸೋಪು, ಮೂರನ್ನೂ ಮೂಸಿ ನೋಡಿದೆ. ಮೂರೂ ತಮ್ಮ ತಮ್ಮ ವಾಸನೆಯನ್ನೇ ಕೊಡುತ್ತಿದ್ದವು. ಹಾಗಾದರೆ ತೊಂದರೆ ಮೂಗಿನದಲ್ಲ, ಬಾಟಲಿಯದೂ ಅಲ್ಲ. ಅದು ಗೊತ್ತಾದ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಬಾಟಲಿ ತಂದವಳು ಮಗಳು. ಗುರುಗ್ರಾಮದ ಅವಳ ಕಚೇರಿಯವರು ಒಂದು ವಾರ ಹೊರದೇಶಕ್ಕೆ ಕಳಿಸಿದ್ದರು. ಅಪ್ಪನಿಗೆ ಐವತ್ತಮೂರು ತುಂಬಿತಲ್ಲ ಎಂದು ಬರುವಾಗ ತಂದಿದ್ದಳು. ನನ್ನ ಕುಡಿತ ಎಂದರೆ ತಿಂಗಳಿಗೆ ಎರಡು ಸಲ, ಅದೂ ಲಿವರಿನ ಕ್ಷಮೆ ಕೇಳಿಕೊಂಡು. ದೆಹಲಿಯಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ಒಂದೇ ವಾಕ್ಯದಲ್ಲಿ ಎರಡು ಮೂರು ರಾಜ್ಯ ದಾಟಿ ಹೋಗುತ್ತದೆ. "ಅಪ್ಪಾ, ಬ್ಲೆಂಡೆಡ್ ಸ್ಕಾಚ್ ಹೈ, ಜ್ಯಾದಾ ಮೆಹೆಂಗಾ ನಹೀ. ಪೈಸಾ ವಸೂಲ್ ಆಯ್ತಾ ಇಲ್ವಾ, ನೀವೇ ಹೇಳ್ಬೇಕು," ಎಂದು, ಕೊಟ್ಟ ದುಡ್ಡಿಗೆ ಬೆಲೆ ಬಂತೋ ಇಲ್ಲವೋ ಎಂಬ ತೀರ್ಮಾನವನ್ನು ನನಗೆ ಬಿಟ್ಟು ತಲೆಸ್ನಾನಕ್ಕೆ ಹೋದಳು. ಭಾನುವಾರದ ಮಧ್ಯಾಹ್ನ. ದೆಹಲಿಯ ದ್ವಾರಕಾ ಬಡಾವಣೆಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮುಂದೆ, ತೆರೆದ ಬಾಟಲಿಯೊಂದಿಗೆ ನಾನೊಬ್ಬನೇ.

ಈ ವಾಸನೆಯನ್ನು ಒಬ್ಬರು ನನಗೆ ಒಂಬತ್ತು ವರ್ಷದ ಹಿಂದೆಯೇ ಹೇಳಿದ್ದರು. ಇದೇ ಲವಂಗ, ಇದೇ ಒಣಶುಂಠಿ, ಇದೇ ಕ್ರಮದಲ್ಲಿ. ನಾನು ನಂಬಿರಲಿಲ್ಲ. ನಂಬದೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ.

ಆಗ ನಾವು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಮಾರ್ಕೆಟ್ಟಿನ ಹಿಂಬದಿಗೆ ಕರಾವಳಿಯವರೊಬ್ಬರ ಸಣ್ಣ ಹೋಟೆಲು. ಹನ್ನೆರಡೋ ಹದಿನಾಲ್ಕೋ ಮೇಜು. ಆಫೀಸಿನಿಂದ ಬರುವಾಗ ಒಂದು ಕಾಫಿ, ಶನಿವಾರ ಮಧ್ಯಾಹ್ನ ಊಟ, ಇದು ನನ್ನ ಪದ್ಧತಿ. ನನಗೆ ಆ ವಾಸನೆ ಹೇಳಿದ್ದವರು ಆ ಹೋಟೆಲಿನ ಅಡುಗೆ ಭಟ್ಟರು. ಅರವತ್ತು ದಾಟಿದ್ದರು. ಎತ್ತರದ, ಒಣಕಲು ಆಳು. ನಡುವಿಗೆ ಬಿಗಿದ ಪಂಚೆ, ಹೆಗಲ ಮೇಲೆ ಸದಾ ಒದ್ದೆಯಿರುವ ಒಂದು ಟವೆಲ್ಲು, ಮುಖದ ಮುಕ್ಕಾಲು ಭಾಗವನ್ನು ಆಳುತ್ತಿದ್ದ ಒಂದು ಮೂಗು.

ಭಟ್ಟರು ತಾವು ಮಾಡಿದ ಅಡುಗೆಯ ರುಚಿ ನೋಡುತ್ತಿರಲಿಲ್ಲ. ಬೆಳಗಿನ ಮೊದಲ ಇಡ್ಲಿ, ಮೊದಲ ಸೌಟು ಸಾಂಬಾರು ಅಡುಗೆಮನೆಯ ಮೂಲೆಯ ದೇವರ ಪಟಕ್ಕೆ ನೈವೇದ್ಯವಾಗಬೇಕು. ಅಲ್ಲಿಯವರೆಗೆ ಯಾರೂ ನಾಲಿಗೆಗೆ ತಾಗಿಸುವಂತಿಲ್ಲ. ಇದು ಹುಡುಗಪ್ರಾಯದಲ್ಲಿ ಮಠದ ಅಡುಗೆಶಾಲೆಯಲ್ಲಿ ಕಲಿತದ್ದು. ಆದರೆ ನೈವೇದ್ಯ ಮುಗಿದ ಮೇಲೂ ಅವರು ಸೌಟು ನೆಕ್ಕಿದ್ದನ್ನು ನಾನು ಕಂಡಿಲ್ಲ. ನಾಲಿಗೆ ಮೂರನೇ ಪದಾರ್ಥಕ್ಕೆ ದಣಿಯುತ್ತದೆ, ಮೂಗು ದಣಿಯುವುದಿಲ್ಲ ಎನ್ನುತ್ತಿದ್ದರು. ಮೂಸುವುದಾದರೂ ಹೇಗೆ, ಪಾತ್ರೆಯ ಮೇಲೆ ಬಗ್ಗುತ್ತಿರಲಿಲ್ಲ. ಬಗ್ಗಿ ಮೂಸಿದರೆ ಅದೂ ಎಂಜಲಿನ ಲೆಕ್ಕವೇ. ಒಲೆಯಿಂದ ಎರಡು ಹೆಜ್ಜೆ ಹಿಂದೆ ನಿಂತು, ಕೈ ಕಟ್ಟಿಕೊಂಡು, ಗೋಡೆಯ ಗಡಿಯಾರ ನೋಡುವವರ ಹಾಗೆ ಮುಖ ಬೇರೆ ಕಡೆ ಮಾಡಿ ಕಾಯುತ್ತಿದ್ದರು. ಹಬೆ ತಾನಾಗಿ ಅವರಿದ್ದಲ್ಲಿಗೆ ಬರಬೇಕು. ಬಂದ ಮೇಲೆ, "ಉಪ್ಪು ಸಾಲದು" ಎನ್ನುವರು.

ಉಪ್ಪಿಗೆ ವಾಸನೆ ಎಲ್ಲಿದೆ ಭಟ್ರೇ ಎಂದು ನಾನೊಮ್ಮೆ ವಾದಕ್ಕೆ ನಿಂತೆ. ವಿಜ್ಞಾನದ ಪದವಿ ಪಡೆದು ಗುಮಾಸ್ತಿಕೆಗೆ ಸೇರಿದವನಿಗೆ ಇಂಥ ಸಂದರ್ಭ ಸಿಗುವುದು ಅಪರೂಪ. ಅವರು ಸ್ವಲ್ಪ ಯೋಚಿಸಿ, "ಉಪ್ಪಿಗೆ ಇಲ್ಲ ಸಾರ್. ಉಪ್ಪು ಬಿದ್ದ ಬೇಳೆಗೆ ಉಂಟು," ಎಂದರು. ಆ ದಿನ ಮನೆಗೆ ಹೋಗಿ ಎರಡು ಪಾತ್ರೆಯಲ್ಲಿ ಬೇಳೆ ಬೇಯಿಸಿ, ಒಂದಕ್ಕೆ ಉಪ್ಪು ಹಾಕಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಹೆಂಡತಿ ಬಂದು ಗ್ಯಾಸ್ ಆರಿಸಿದಳು.

ವಿಸ್ಕಿ ನಮ್ಮಿಬ್ಬರ ನಡುವೆ ಬಂದದ್ದು ನನ್ನ ಹೆದರಿಕೆಯ ದೆಸೆಯಿಂದ. ನಮ್ಮ ಸೆಕ್ಷನ್ನಿನ ಸಾಹೇಬರೊಬ್ಬರ ಬೀಳ್ಕೊಡುಗೆಗೆ ಬಾಟಲಿ ತರುವ ಕೆಲಸ ನನಗೆ ಬಿತ್ತು. ಕಡಿಮೆ ಕುಡಿಯುವವನಾದ್ದರಿಂದ ದಾರಿಯಲ್ಲಿ ತೆರೆಯುವುದಿಲ್ಲ ಎಂಬ ನಂಬಿಕೆ. ತಂದೆ. ತಂದ ಮೇಲೆ ಮುಚ್ಚಳ ಸ್ವಲ್ಪ ಸಡಿಲ ಇದ್ದಂತೆ ಕಂಡಿತು. ಆ ಕ್ಷಣದಿಂದ ಕಲಬೆರಕೆಯ ವಿಸ್ಕಿ ಕುಡಿದು ಇಡೀ ಸೆಕ್ಷನ್ನು ಕಣ್ಣು ಕಳೆದುಕೊಂಡಂತೆಯೂ, ಸಾಲಾಗಿ ಗೋಡೆ ಸವರಿಕೊಂಡು ನನ್ನನ್ನು ಹುಡುಕುತ್ತಿರುವಂತೆಯೂ ಚಿತ್ರ ಬರತೊಡಗಿತು. ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಇದನ್ನು ಹೇಳಿದೆ. ಭಟ್ಟರು ಕೇಳಿಸಿಕೊಂಡು, ಸ್ವಲ್ಪ ತನ್ನಿ ನೋಡುವ ಎಂದರು.

ನಾನು ಗಾಬರಿಯಾದೆ. ನೀವು... ಇದನ್ನು... ಮೈಲಿಗೆ ಅಲ್ವಾ ಎಂದು ತಡವರಿಸಿದೆ. ಮುಟ್ಟುವುದು ನೀವು, ಸುರಿಯುವುದು ನೀವು, ನನ್ನದೆಂತ ಉಂಟು ಎಂದರು. ಗಾಳಿಯಲ್ಲಿ ಬಂದದ್ದಕ್ಕೆ ನಾನು ಬಾಧ್ಯನಲ್ಲ ಎಂಬುದು ಅವರ ಕಾನೂನು. ನಮ್ಮ ಇಲಾಖೆಯಲ್ಲಿ ಇಷ್ಟು ಚೊಕ್ಕಟವಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಹೋಮಿಯೋಪತಿಯ ಸಣ್ಣ ಗಾಜಿನ ಶೀಶೆಯನ್ನು ಮೂರು ಸಲ ಬಿಸಿನೀರಲ್ಲಿ ತೊಳೆದು, ಅದರಲ್ಲಿ ಎರಡು ಚಮಚ ತುಂಬಿಸಿ ಒಯ್ದೆ. ಶುದ್ಧ ಸಸ್ಯಾಹಾರಿ ಹೋಟೆಲು. ಒಳಗೆ ಆಗುವ ಮಾತಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ, ಅಡುಗೆಮನೆಯ ಹಿಂದಿನ ಗಲ್ಲಿಯಲ್ಲಿ ನಿಂತೆವು. ಕಾಫಿ ಲೋಟದ ಕೆಳಗಿಡುವ ಸ್ಟೀಲಿನ ಅಗಲ ಬಟ್ಟಲನ್ನು ನಾನು ಮನೆಯಿಂದಲೇ ತಂದಿದ್ದೆ. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ವಿಸ್ಕಿ ಸುರಿದು, ಅವರು ಹೇಳಿದಂತೆ ಎರಡು ಚಮಚ ಉಗುರುಬೆಚ್ಚಗಿನ ನೀರು ಬೆರೆಸಿದೆ. ಭಟ್ಟರು ಎರಡು ಹೆಜ್ಜೆ ಹಿಂದೆ ನಿಂತು, ಕೈ ಕಟ್ಟಿಕೊಂಡು, ಎದುರು ಬಾಲ್ಕನಿಯಲ್ಲಿ ಒಣಗುತ್ತಿದ್ದ ಬೆಡ್‌ಶೀಟು ನೋಡತೊಡಗಿದರು.

ಸುಟ್ಟ ಸಕ್ಕರೆ ಉಂಟು ಎಂದರು. ಐಸ್‌ಕ್ರೀಮಿಗೆ ಹಾಕುವ ಎಸೆನ್ಸಿನಂಥದ್ದೂ ಉಂಟು. ಕೆಟ್ಟ ವಾಸನೆ ಇಲ್ಲ. ಆದರೆ ವಿಷ ಇಲ್ಲ ಅಂತ ನಾನು ಬರೆದುಕೊಡುವುದಿಲ್ಲ, ಅದು ಮೂಗಿಗೆ ಸಿಗುವ ವಿಷಯ ಅಲ್ಲ. ನಾನು ಮುಚ್ಚಳ ಸಡಿಲ ಇತ್ತೆಂದು ವಾದಿಸಿ ಆ ಬಾಟಲಿಯನ್ನು ಅಂಗಡಿಗೆ ವಾಪಸು ಕೊಟ್ಟು ಬೇರೆ ತಂದೆ. ಸಾಹೇಬರು ಕಣ್ಣು ನೆಟ್ಟಗಿರುವಂತೆಯೇ ನಿವೃತ್ತರಾದರು.

ಅಂದು ಬಟ್ಟಲನ್ನು ನಾನು ತೊಳೆಯಹೋದಾಗ ಅವರು ತಡೆದರು. ಇದ್ದುದನ್ನು ಮೋರಿಗೆ ಚೆಲ್ಲಿ ಖಾಲಿ ಬಟ್ಟಲನ್ನು ಕಟ್ಟೆಯ ಮೇಲೇ ಇಡಿ ಎಂದರು. ಒಳಗೆ ಹೋಗಿ ಸಂಜೆಗೆ ಬೇಕಾದ ಚಟ್ನಿ ರುಬ್ಬಿಸಿ ಬಂದರು, ಒಂದು ಅರ್ಧ ಗಂಟೆ ಆಗಿರಬೇಕು. ಮತ್ತೆ ಎರಡು ಹೆಜ್ಜೆ ಹಿಂದೆ ನಿಂತರು. "ಹೋಯ್ತು," ಎಂದರು.

ಬೆಲೆಯ ವಿಷಯದಲ್ಲಿ ಇದೇ ಅವರ ತಕ್ಕಡಿ. ಹಿಂಗು ಕೊಳ್ಳುವಾಗಲೂ, ಏಲಕ್ಕಿ ಕೊಳ್ಳುವಾಗಲೂ ಹೀಗೇ ಮಾಡುತ್ತಿದ್ದರಂತೆ. ಪದಾರ್ಥ ಇದ್ದಾಗ ಎಲ್ಲವೂ ಘಮಘಮ ಎನ್ನುತ್ತದೆ; ಪದಾರ್ಥ ಹೋದ ಮೇಲೆ ಪಾತ್ರೆಯಲ್ಲಿ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟು ಅದರ ಬೆಲೆ. ಉಳಿದಿದ್ದರೆ "ಉಂಟು". ಇಲ್ಲವಾದರೆ "ಹೋಯ್ತು". ಎರಡೇ ಶ್ರೇಣಿ, ನಡುವೆ ಪಾಸು ದರ್ಜೆ ಎಂಬುದಿಲ್ಲ.

ಆಮೇಲೆ ಅದೊಂದು ಅಭ್ಯಾಸವೇ ಆಯಿತು. ಯಾರ ಮನೆಯಲ್ಲಿ ಹೊಸ ಬಾಟಲಿ ತೆರೆದರೂ ನಾನು ಹೋಮಿಯೋಪತಿ ಶೀಶೆ ಹಿಡಿದು ನಿಲ್ಲುತ್ತಿದ್ದೆ. ಸಹೋದ್ಯೋಗಿಗಳು ನನಗೇನೋ ಕಾಯಿಲೆ, ಹನಿ ಲೆಕ್ಕದಲ್ಲಿ ಕುಡಿಯಲು ವೈದ್ಯರು ಹೇಳಿದ್ದಾರೆ ಎಂದುಕೊಂಡರು. ನನಗೆ ಕುಡಿಯುವುದಕ್ಕಿಂತ ಭಟ್ಟರು ಏನು ಹೇಳುತ್ತಾರೆ ಎಂಬುದೇ ಕುತೂಹಲ. ಸಾಮಾನ್ಯ ಸ್ಕಾಚೊಂದನ್ನು ಮೊದಲ ಸಲ ಒಯ್ದಾಗ ಅವರು ಬಹಳ ಹೊತ್ತು ಬೆಡ್‌ಶೀಟು ನೋಡಿದರು. ಹೊಗೆ ಉಂಟು ಎಂದರು, ಅಟ್ಟದ ಮೇಲೆ ಒಣಗಿದ ಕೊಬ್ಬರಿಯ ಹೊಗೆ. ಜೇನು. ಮುಚ್ಚಿಟ್ಟ ಮರದ ಕಪಾಟು. ಮತ್ತೆ ಇದು ಒಂದೇ ಮನೆಯದ್ದಲ್ಲ, ನಾಲ್ಕೈದು ಕಡೆಯದ್ದು ಸೇರಿಸಿದ್ದು, ನಮ್ಮ ಸಾಂಬಾರು ಪುಡಿಯ ಹಾಗೆ ಎಂದರು. ಬ್ಲೆಂಡ್ ಎಂಬ ಪದವನ್ನು ನಾನು ಅವರಿಗೆ ಹೇಳಿರಲಿಲ್ಲ. ಗಲ್ಲಿಯಲ್ಲಿ ನಿಂತಿದ್ದ ನನಗೆ ಮೈ ಜುಂ ಎಂದಿತು. ಒಂದು ತೊಟ್ಟೂ ಬಾಯಿಗೆ ಬಿಡದ ಮನುಷ್ಯ... ಸಮುದ್ರದಾಚೆಯ ಯಾವುದೋ ಉಗ್ರಾಣದ ಒಳಗೆ ಹೊಕ್ಕು ಕಪಾಟಿನ ಬಾಗಿಲು ತೆರೆದು ನೋಡಿ ಬಂದ ಹಾಗಿತ್ತು.

ಇದು ಹೀಗೇ ನಡೆದಿದ್ದರೆ ನಾನಿದನ್ನು ತಮಾಷೆಯ ಕತೆಯಾಗಿ ಹೇಳಿ ಮುಗಿಸಬಹುದಿತ್ತು.

ಒಂದು ವರ್ಷ ದೀಪಾವಳಿ ಕಳೆದು ದೆಹಲಿಯ ಮೇಲೆ ಆ ಹಳದಿ ಹೊಗೆ ಕೂತಾಗ ಭಟ್ಟರಿಗೆ ನೆಗಡಿ ಹಿಡಿಯಿತು. ಬಿಡಲೇ ಇಲ್ಲ. ದಿನಕ್ಕೆ ಮೂರು ಸಲ ಊರಿನಿಂದ ತಂದ ಕಷಾಯದ ಪುಡಿ ಕುದಿಸಿ ಕುಡಿಯುತ್ತಿದ್ದರು. ಅದೇ ಹೊತ್ತಿಗೆ ಸಾಂಬಾರಿಗೆ ಮೊದಲಿನ ಘಮ ಇಲ್ಲ ಎಂದು ಗಿರಾಕಿಗಳು ಗೊಣಗತೊಡಗಿದರು. ಭಟ್ಟರನ್ನು ಕೇಳಿದರೆ, ಹಿಂಗು ಬದಲಾಗಿದೆ, ಇದರಲ್ಲಿ ವಾಸನೆಯೇ ಇಲ್ಲ ಎಂದರು. ಹೋಟೆಲಿನ ಯಜಮಾನರು ಡಬ್ಬಿ ತಂದು ತೋರಿಸಿದರು. ಅದೇ ಡಬ್ಬಿ, ಅದೇ ಚೀಟಿ, ಅದೇ ಸರಬರಾಜಿನವನು. ಹಿಂಗಿಗೆ ವಾಸನೆ ಇಲ್ಲ ಎನ್ನುವ ಅಡುಗೆಯವನನ್ನು ಯಾರು ತಾನೇ ನಂಬಿಯಾರು?

ಯಜಮಾನರು ಒಳ್ಳೆಯವರು. ಆದರೆ ಅವರ ಮನಸ್ಸಿನಲ್ಲಿ ಆಗಲೇ ಒಬ್ಬ ಹೊಸ ಅಡುಗೆಯವನು ಬಂದು ಕೂತಿದ್ದ, ಚಮಚದಲ್ಲಿ ರುಚಿ ನೋಡಿ ಅಡುಗೆ ಮಾಡುವವನು. ಒಂದು ಸಂಜೆ ನನ್ನ ಮೇಜಿಗೆ ಬಂದು ಎದುರು ಕೂತು ದನಿ ತಗ್ಗಿಸಿದರು. "ನೀವು ಓದಿದವರು, ದಿನಾ ಬರ್ತೀರಿ. ಭಟ್ರ ಮೂಗು ಹೇಗುಂಟು ಅಂತ ಸ್ವಲ್ಪ ನೋಡಿ ಹೇಳಿ ಮಾರಾಯ್ರೆ. ನಾನು ಕೇಳಿದ್ರೆ ಅವರಿಗೆ ಬೇಜಾರಾಗ್ತದೆ." ಮೂವತ್ತು ವರ್ಷ ಆ ಒಲೆಯ ಮುಂದೆ ನಿಂತವರ ಜಾಗ ನನ್ನ ವರದಿಯ ಮೇಲೆ ನಿಂತಿದೆ ಎಂದು ತಿಳಿದ ಮೇಲೆ ಆ ದಿನ ಮಸಾಲೆದೋಸೆಯನ್ನು ಅರ್ಧಕ್ಕೇ ಬಿಟ್ಟೆ. ಆದರೂ, ನಿಜ ಹೇಳಬೇಕು, ಒಳಗೊಳಗೇ ಸ್ವಲ್ಪ ಉಬ್ಬಿದೆ ಕೂಡ. ಆಫೀಸಿನಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ.

ಶನಿವಾರ ಮೂರು ಶೀಶೆ ಒಯ್ದೆ, ಮೂರು ಬಟ್ಟಲು. ಒಂದರಲ್ಲಿ ಇಲ್ಲಿಯ ಅಗ್ಗದ ವಿಸ್ಕಿ, ಎರಡನೆಯದರಲ್ಲಿ ಅವರಿಗೆ ಪರಿಚಯವಿದ್ದ ಆ ಸ್ಕಾಚು. ಮೂರನೆಯದು ಸಹೋದ್ಯೋಗಿಯೊಬ್ಬ ವಿದೇಶದಿಂದ ಬರುವಾಗ ತಂದುಕೊಟ್ಟದ್ದು, ಅದೂ ಬ್ಲೆಂಡೆಡ್ ಸ್ಕಾಚೇ. ಪರೀಕ್ಷೆ ಎಂದು ನಾನು ಹೇಳಲಿಲ್ಲ. ಆದರೆ ಯಾವತ್ತೂ ಒಂದೇ ಶೀಶೆ ತರುತ್ತಿದ್ದವನು ಮೂರು ತಂದದ್ದನ್ನೂ, ನನ್ನ ಮುಖವನ್ನೂ ಅವರು ನೋಡಿದರು. ಹೆಗಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ತಮ್ಮ ಜಾಗದಲ್ಲಿ ನಿಂತರು.

ಮೊದಲನೆಯದಕ್ಕೆ ಸುಟ್ಟ ಸಕ್ಕರೆ ಎಂದರು. ಎರಡನೆಯದಕ್ಕೆ ಇದು ನಮ್ಮ ಕೊಬ್ಬರಿ ಅಟ್ಟ ಎಂದರು. ನನಗೆ ಎದೆ ಹಗುರವಾಯಿತು. ಮೂರನೆಯದರ ಸರದಿ ಬಂತು. ಯಾವತ್ತೂ ಇಲ್ಲದ್ದು, ಒಂದು ಹೆಜ್ಜೆ ಮುಂದೆ ಬಂದರು, ಮತ್ತೆ ಹಿಂದೆ ಹೋದರು.

"ಲವಂಗ ಉಂಟು ಸಾರ್," ಎಂದರು. "ಒಣಶುಂಠಿ. ಸ್ವಲ್ಪ ಶಾಹಿಜೀರಿಗೆ. ಅಡಿಯಲ್ಲಿ ಇರುವುದು ಆ ಎರಡನೇ ಬಟ್ಟಲಿನ ಜಾತಿಯದ್ದೇ. ಆದರೆ ಇದನ್ನು ಕೊನೆಗೆ ಬೇರೆ ಯಾರದ್ದೋ ಪಾತ್ರೆಗೆ ಸುರಿದು ಇಟ್ಟಿದ್ದಾರೆ. ಆ ಪಾತ್ರೆಯಲ್ಲಿ ಮೊದಲು ಬೇರೆ ಎಂತದೋ ಇತ್ತು, ಖಾರದ್ದು. ಬಾಟ್ಲಿ ಮೇಲೆ ಎಂತ ಬರೆದಿದೆ?"

ಸ್ಕಾಚ್ ಅಂತ ಬರೆದಿದೆ ಎಂದೆ. ಬಾಟಲಿ ಮನೆಯಲ್ಲಿತ್ತು. ದೊಡ್ಡ ಅಕ್ಷರದ ಹೆಸರನ್ನಷ್ಟೇ ನಾನು ಓದಿದ್ದೆ. ಫೈಲಿನ ಅಡಿಟಿಪ್ಪಣಿ ಓದುವುದಕ್ಕೇ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ ನಾನು.

ನನ್ನ ತಲೆ ಆಗಲೇ ತೀರ್ಪು ಬರೆಯತೊಡಗಿತ್ತು. ಸ್ಕಾಚಿನಲ್ಲಿ ಜೇನು ಇರಬೇಕು, ಸೇಬು ಇರಬೇಕು, ಹೊಗೆ ಇರಬೇಕು ಎಂದು ಎಲ್ಲೋ ಓದಿದ್ದೆ. ಲವಂಗ, ಶುಂಠಿ, ಜೀರಿಗೆ ಇರುವುದು ಕಷಾಯದಲ್ಲಿ. ಭಟ್ಟರು ವಾರಗಟ್ಟಲೆ ಕುಡಿಯುತ್ತಿರುವುದು ಕಷಾಯ. ಅಂದರೆ ಅವರಿಗೆ ಬರುತ್ತಿರುವುದು ಬಟ್ಟಲಿನ ವಾಸನೆ ಅಲ್ಲ, ತಮ್ಮದೇ ಗಂಟಲಿನ ವಾಸನೆ. ಮೊದಲ ಎರಡನ್ನು ನೆನಪಿನಿಂದ ಹೇಳಿದ್ದಾರೆ, ಹೊಸತು ಬಂದಾಗ ಸಿಕ್ಕಿಬಿದ್ದಿದ್ದಾರೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ನನಗೆ ನನ್ನ ಬುದ್ಧಿಯ ಮೇಲೇ ಗೌರವ ಬಂತು. ಖಚಿತಕ್ಕೆಂದು ನಾನೂ ಬಗ್ಗಿ ಮೂರನೇ ಬಟ್ಟಲನ್ನು ಮೂಸಿದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮುಂಚೆ ಒರೆಸುತ್ತಾರಲ್ಲ, ಆ ಸ್ಪಿರಿಟ್ಟಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ಅರ್ಧ ಗಂಟೆಯ ನಂತರ ಖಾಲಿ ಬಟ್ಟಲುಗಳ ಮುಂದೆ ನಿಂತು ಅವರು, ಮೊದಲನೆಯದು ಹೋಯ್ತು, ಎರಡನೆಯದು ಉಂಟು, ಮೂರನೆಯದು ಜೋರಾಗಿ ಉಂಟು, ಇದಕ್ಕೆ ದುಡ್ಡು ಕೊಟ್ಟವನಿಗೆ ಮೋಸ ಆಗಿಲ್ಲ ಎಂದರು. ನಾನು ತಲೆಯಾಡಿಸಿದೆ. ಖಾಲಿ ಬಟ್ಟಲಿನಲ್ಲಿ ಜೋರಾಗಿ ಉಂಟಂತೆ, ಪಾಪ ಎಂದುಕೊಂಡೆ.

ಆ ಸಂಜೆಯೇ ಯಜಮಾನರಿಗೆ ಹೇಳಿದೆ. ಕೆಟ್ಟದ್ದೇನೂ ಹೇಳಲಿಲ್ಲ. ಒಮ್ಮೆ ಡಾಕ್ಟರಿಗೆ ತೋರಿಸಿದರೆ ಒಳ್ಳೆಯದು ಎಂದೆ, ಅಷ್ಟೆ. ಆ ಹೊಗೆಯಲ್ಲಿ ಇನ್ನೂ ಒಲೆಯ ಮುಂದೆ ನಿಂತರೆ ಶ್ವಾಸಕೋಶಕ್ಕೂ ಇಳಿಯಬಹುದು ಎಂದು ನನ್ನ ಕಡೆಯಿಂದ ಒಂದು ಕಾಳಜಿಯನ್ನೂ ಸೇರಿಸಿದೆ. ಯಜಮಾನರು, ಅಚ್ಛಾ, ನೀವೇ ಹೇಳಿದ ಮೇಲೆ ಆಯ್ತು ಎಂದು ಎದ್ದರು.

ಮುಂದಿನ ವಾರ ಭಟ್ಟರು ಅಡುಗೆಮನೆಯಲ್ಲಿರಲಿಲ್ಲ. ಹೊರಗೆ, ಕೈ ತೊಳೆಯುವ ಬೇಸಿನ್ನಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ಬಂದವರನ್ನು ಕಂಡು ಮಾತಾಡಿಸುವ ಕೆಲಸ. ಸಂಬಳ ಕಡಿಮೆ ಮಾಡಿರಲಿಲ್ಲ, ಡಾಕ್ಟರಿಗೆ ಮಾತ್ರ ತೋರಿಸಿರಲಿಲ್ಲ. ಪಕ್ಕದಲ್ಲಿ ಫಿನಾಯಿಲು, ನೀಲಿ ಸೋಪಿನ ನೀರು, ಒದ್ದೆ ಗೋಣಿತಾಟು. ಅಡುಗೆಮನೆಯ ಬಾಗಿಲು ತೆರೆದಾಗಲೆಲ್ಲ ಅವರು ಮುಖವನ್ನು ಬೇರೆ ಕಡೆ ತಿರುಗಿಸುತ್ತಿದ್ದರು. ಬೇಸರಕ್ಕೆ ತಿರುಗಿಸುತ್ತಿದ್ದಾರೆ ಎಂದು ಆಗ ತಿಳಿದಿದ್ದೆ. ಅವರು ಮೂಸುತ್ತಿದ್ದದ್ದೇ ಹಾಗೆ ಎಂಬುದು... ಇತ್ತೀಚೆಗೆ ಹೊಳೆಯಿತು.

ಒಂದು ದಿನ ಕೈ ತೊಳೆಯುತ್ತಿದ್ದಾಗ, ನನ್ನ ಕಡೆ ನೋಡದೆ ಕೇಳಿದರು.

"ಆ ಮೂರನೇ ಬಟ್ಟಲು... ನಾನು ಹೇಳಿದ್ದು ತಪ್ಪಾ ಸಾರ್?"

"ಇಲ್ಲ ಭಟ್ರೇ," ಎಂದೆ. "ಸರಿಯೇ ಇತ್ತು."

ಆಸ್ಪತ್ರೆಯ ಮಂಚದ ಪಕ್ಕ ನಿಂತು ಮಾತಾಡುತ್ತೇವಲ್ಲ, ಆ ದನಿಯಲ್ಲಿ ಹೇಳಿದೆ. ಹಬೆಯಲ್ಲಿ ಉಪ್ಪು ಕಂಡುಹಿಡಿಯುವವರಿಗೆ ದನಿಯಲ್ಲಿರುವುದು ತಿಳಿಯುವುದಿಲ್ಲವೇ? ಅಚ್ಛಾ ಎಂದರು. ಕೈ ಒರೆಸಿಕೊಳ್ಳಲು ಪೇಪರು ಕೊಟ್ಟರು. ಆಮೇಲೆ ಆ ವಿಷಯ ಎತ್ತಲಿಲ್ಲ. ನಾನೂ ಶೀಶೆ ಒಯ್ಯುವುದನ್ನು ನಿಲ್ಲಿಸಿದೆ. ಬೇಸಗೆಗೆ ಮುಂಚೆ ಅವರು ತಂಗಿಯ ಮಗನ ಮನೆಗೆಂದು ಊರಿಗೆ ಹೋದರು. ಹೋಗುವ ದಿನ ನನಗೆ ಮೀಟಿಂಗ್ ಇತ್ತು, ಅಥವಾ ಇತ್ತೆಂದು ಹೇಳಿದೆ... ಸರಿಯಾಗಿ ನೆನಪಿಲ್ಲ. ಮರುವರ್ಷ ತೀರಿಕೊಂಡರೆಂಬ ಸುದ್ದಿ ಬಂತು. ಕ್ವಾರ್ಟರ್ಸು ಬಿಟ್ಟು ನಾವು ದ್ವಾರಕಾಕ್ಕೆ ಬಂದೆವು. ಯಜಮಾನರು ಹೋಟೆಲನ್ನು ಘಾಜಿಯಾಬಾದಿಗೆ ಒಯ್ದರು.

ಮಗಳು ತಲೆಗೆ ಟವೆಲ್ಲು ಸುತ್ತಿಕೊಂಡು ಸ್ನಾನದಿಂದ ಬಂದಾಗ ನಾನು ಇನ್ನೂ ಬಾಟಲಿಯ ಮುಂದೆಯೇ ಕೂತಿದ್ದೆ. ಸ್ಕಾಚಿಗೆ ಲವಂಗದ ವಾಸನೆ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅವಳು ಮೊಬೈಲಿನಲ್ಲಿ ನೋಡಿ ತನ್ನ ಮೂರು ಭಾಷೆಯಲ್ಲಿ ವಿವರಿಸಿದಳು. ಈ ಜಾತಿಯ ಸ್ಕಾಚನ್ನು ಮೊದಲು ಮಾಮೂಲು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಕೊನೆಯ ಕೆಲವು ತಿಂಗಳು ಬೇರೆ ಪೀಪಾಯಿಗೆ ಸುರಿದು ಇಡುತ್ತಾರೆ. ಅದರಲ್ಲಿ ಮೊದಲು ಅಮೆರಿಕದವರ ರೈ ವಿಸ್ಕಿ ಇದ್ದಿರುತ್ತದೆ. ರೈ ಎಂಬುದು ಚಳಿಪ್ರದೇಶದ ಒಂದು ಧಾನ್ಯ, ಅದರ ವಿಸ್ಕಿ ಖಾರ. ಆ ಖಾರ ಮರದಲ್ಲಿ ಉಳಿದು, ಆಮೇಲೆ ಇದಕ್ಕೆ ಇಳಿಯುತ್ತದೆ. "ದೂಸ್ರೋಂ ಕೇ ಬರ್ತನ್ ಮೇ ಫಿನಿಶಿಂಗ್, ಬಸ್," ಎಂದಳು.

ಬೇರೆ ಯಾರದ್ದೋ ಪಾತ್ರೆ.

ಬಾಲ್ಕನಿಗೆ ಹೋದೆ. ಆ ಹಳೆಯ ಮೂರನೇ ಬಾಟಲಿ ಆಕಾರದಲ್ಲಿ ಚೆಂದವಿದ್ದುದರಿಂದ, ಖಾಲಿಯಾದ ಮೇ‌ಲೆ ಹೆಂಡತಿ ತೊಳೆದು ಮನಿಪ್ಲಾಂಟ್ ಹಾಕಿದ್ದಳು. ಕಿದ್ವಾಯಿ ನಗರದಿಂದ ನಮ್ಮ ಜೊತೆ ಬಂದು ಈಗ ಕಂಬಿಯ ತುಂಬ ಹಬ್ಬಿದೆ. ಎಲೆ ಸರಿಸಿ, ಕನ್ನಡಕ ಹಣೆಗೇರಿಸಿ ಓದಿದೆ. ಚೀಟಿ ಬಿಸಿಲಿಗೆ ಬಿಳುಚಿತ್ತು. ಮಗಳು ತಂದದ್ದಕ್ಕಿಂತ ಕಂಪನಿ ಬೇರೆ. ದೊಡ್ಡ ಹೆಸರಿನ ಕೆಳಗೆ, ನನಗೆ ಪರಿಚಿತವಾದ ಅಡಿಟಿಪ್ಪಣಿಯ ಗಾತ್ರದ ಅಕ್ಷರದಲ್ಲಿ, ರೈ ಕಾಸ್ಕ್ ಫಿನಿಶ್, ಅಂದರೆ ಕೊನೆಗೆ ರೈ ಪೀಪಾಯಿಯಲ್ಲಿ ಇಟ್ಟದ್ದು, ಎಂದು ಬರೆದಿತ್ತು. ಒಂಬತ್ತು ವರ್ಷದಿಂದ ಪ್ರತಿ ಬೆಳಿಗ್ಗೆ ನಾನೇ ಅದಕ್ಕೆ ನೀರು ಹಾಕುತ್ತಿದ್ದೇನೆ.

ಅಂದರೆ ಬೇಸಿನ್ನಿನ ಪಕ್ಕ ನಾನು ಕರುಣೆಯಿಂದ ಹೇಳಿದ ಸುಳ್ಳು ಅಕ್ಷರಶಃ ನಿಜವಾಗಿತ್ತು. ನಿಜ ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲವಾದ್ದರಿಂದ ಅವರು ಅದನ್ನು ಸುಳ್ಳೆಂದು ತಿಳಿದು ಒಯ್ದರು.

ಯಜಮಾನರ ನಂಬರು ಇನ್ನೂ ಫೋನಿನಲ್ಲಿತ್ತು. ಎಂತ ಸಾರ್, ಎಷ್ಟು ವರ್ಷ ಆಯ್ತು ಎಂದರು. ಹಿಂದೆ ಪಾತ್ರೆಗಳ ಸದ್ದು. ನಾನು ತಡವರಿಸುತ್ತಾ ಬಟ್ಟಲು, ಪೀಪಾಯಿ, ಮನಿಪ್ಲಾಂಟ್ ಎಲ್ಲವನ್ನೂ ಹೇಳಿದೆ. ಭಟ್ಟರ ಮೂಗು ಸರಿಯಾಗಿತ್ತು, ತಪ್ಪಿದ್ದು ನಾನು ಎಂದೆ.

"ಹಿಂಗೂ ಬದಲಾಗಿತ್ತು ಸಾರ್," ಎಂದರು. "ಡಬ್ಬಿ ಅದೇ, ಒಳಗೆ ಬೇರೆ ಮಾಲು ತುಂಬಿ ಕೊಡ್ತಿದ್ದ ಅವ, ಆ ಸರಬರಾಜಿನವ. ಭಟ್ರು ಊರಿಗೆ ಹೋಗಿ ಎರಡು ತಿಂಗಳಿಗೆ ಗೊತ್ತಾಯ್ತು."

ಅವರಿಗೆ ಹೇಳಿದಿರಾ ಎಂದು ಕೇಳಿದೆ.

"ಫೋನು ಮಾಡಬೇಕು ಅಂತ ಇದ್ದೆ..." ಎಂದರು. "ನಾನು ಎಲ್ಲ ನಿಮ್ಮ ಹೆಗಲ ಮೇಲೆ ಹಾಕಿ ಆರಾಮ ಇದ್ದೆ ಮಾರಾಯ್ರೆ. ಓದಿದವರು ಹೇಳಿದ್ದು, ಇನ್ನೇನು ಅಂತ," ಎಂದರು.

ಒಮ್ಮೆ ಘಾಜಿಯಾಬಾದಿಗೆ ಬನ್ನಿ, ಊಟ ಮಾಡುವ ಎಂದು ಕರೆದು ಫೋನಿಟ್ಟರು.

ನಾನು ಅಡುಗೆಮನೆಯಿಂದ ಸ್ಟೀಲಿನ ಬಟ್ಟಲು ತಂದೆ. ಎರಡು ಚಮಚ ವಿಸ್ಕಿ, ಎರಡು ಚಮಚ ಉಗುರುಬೆಚ್ಚಗಿನ ನೀರು. ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತು, ಕೈ ಕಟ್ಟಿಕೊಂಡು, ಎದುರು ಟವರಿನ ನೀರಿನ ಟ್ಯಾಂಕು ನೋಡುತ್ತಾ ಕಾದೆ. ಇಷ್ಟು ವರ್ಷ ನಾನು ಬಗ್ಗಿ ಮೂಸುತ್ತಿದ್ದೆ; ಬಗ್ಗಿದವನಿಗೆ ಮೊದಲು ಹೊಡೆಯುವುದು ಸ್ಪಿರಿಟ್ಟೇ. ದೂರ ನಿಂತರೆ ಅದು ದಾರಿಯಲ್ಲೇ ಕಳೆದುಹೋಗಿ, ಉಳಿದವು ಒಂದೊಂದಾಗಿ ಬರುತ್ತವೆ. ಮೊದಲು ಲವಂಗ ಬಂತು. ಆಮೇಲೆ ಶುಂಠಿ. ಬಹಳ ಹೊತ್ತಿನ ಮೇಲೆ, ಎಲ್ಲದರ ಅಡಿಯಿಂದ, ಅಟ್ಟದ ಮೇಲಿನ ಕೊಬ್ಬರಿ.

ಚೆಲ್ಲಿದೆ. ಖಾಲಿ ಬಟ್ಟಲನ್ನು ಕಟ್ಟೆಯ ಮೇಲೇ ಬಿಟ್ಟು ಅರ್ಧ ಗಂಟೆ ಸೋಫಾದ ಮೇಲೆ ಕೂತೆ. ಹೆಂಡತಿ ಎರಡು ಸಲ ಅದನ್ನು ತೊಳೆಯಲು ಹೋದಳು, ಎರಡು ಸಲವೂ ಬೇಡ ಎಂದೆ. ಮತ್ತೆ ಹೋಗಿ ನನ್ನ ಜಾಗದಲ್ಲಿ ನಿಂತಾಗ ಮಗಳು ಕೂದಲು ಬಾಚಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಬಟ್ಟಲು ನೋಡಿದಳು, ನನ್ನನ್ನು ನೋಡಿದಳು.

"ಖಾಲಿ ಹೈ ಅಪ್ಪಾ," ಎಂದಳು. "ಪೈಸಾ ವಸೂಲ್ ಆಯ್ತಾ ಇಲ್ವಾ, ಅದು ಹೇಳಿ."

ನಾನು ಬಯಲುಸೀಮೆಯವನು. ನಮ್ಮ ಮನೆಯಲ್ಲಿ ಯಾರೂ ಭಟ್ಟರ ಆ ಪದ ಬಳಸುವುದಿಲ್ಲ.

"ಉಂಟು," ಎಂದೆ.